ಒಂದು ವರ್ಷ ಮುಂದಿದ್ದ ಡೀನಾ

ನೆಬ್ರಾಸ್ಕದ ಈ ಊರಿಗೆ ಬಂದ ಹೊಸದರಲ್ಲಿ ಡೀನಾ ವೊಂಡ್ರಾ ಅವರನ್ನು ಪಶುವೈದ್ಯೆ ಎಂದೇ ತಿಳಿದಿದ್ದೆ. ಊರೆಲ್ಲ ಅವರನ್ನು ‘ಡಾಕ್ಟರ್’ ಎನ್ನುತ್ತಿತ್ತು; ಅವರ ಅಂಗಡಿಯ ಮುಂದೆ ನಾಯಿಗಳು ಸರದಿ ಕಾಯುತ್ತಿದ್ದವು. ಕಣ್ಣು ಊದಿದ ನಮ್ಮ ಬೆಕ್ಕನ್ನು ಒಯ್ದು ಅದರ ರೋಗದ ಚರಿತ್ರೆಯನ್ನೆಲ್ಲ ಗಂಭೀರವಾಗಿ ಒಪ್ಪಿಸಿದೆ. ಅವರು ಒದ್ದೆ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

“ನಾನು ಸ್ನಾನ ಮಾಡಿಸಿ ಉಗುರು ಕತ್ತರಿಸ್ತೀನಿ, ಅಷ್ಟೆ. ಕಣ್ಣಿಗೆ ಪಕ್ಕದೂರಿನ ಡಾಕ್ಟ್ರ ಹತ್ರ ಹೋಗಿ.”

“ಮತ್ತೆ ನಿಮ್ಮನ್ನ ಡಾಕ್ಟರ್ ಅಂತಾರಲ್ಲ?”

“ಅದು ನಮ್ಮಪ್ಪ ಕೊಟ್ಟ ಡಿಗ್ರಿ.”

ಆ ಡಿಗ್ರಿಯ ಕಥೆ ಬೆಕ್ಕಿನ ಸ್ನಾನಕ್ಕೊಂದು ತುಣುಕಿನಂತೆ ನನಗೆ ಸಿಕ್ಕಿತು.

ಚಿಕ್ಕಂದಿನಿಂದ ಡೀನಾಗೆ ದನದ ಡಾಕ್ಟರಾಗುವ ಹಂಬಲ. ಇಲ್ಲಿ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಮೇ ತಿಂಗಳ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ, ವಿಶ್ವವಿದ್ಯಾಲಯ ಆ ಪಾಠ ಮುಗಿಯಿತೆಂದೇ ಲೆಕ್ಕ ಹಿಡಿಯುತ್ತದೆ. ಡೀನಾ ಮೊದಲ ವರ್ಷದ ಪಾಠಗಳನ್ನೆಲ್ಲ ಹಾಗೆ ಹಾರಿ ದಾಟಿದರು. ರಸಾಯನಶಾಸ್ತ್ರ ಕಲಿಸಿದವರು ಫುಟ್‌ಬಾಲ್ ಕೋಚ್. ಗಾಜು ಒಡೆದೀತೆಂದು ಪ್ರಯೋಗಗಳನ್ನು ಬೋರ್ಡಿನ ಮೇಲೆ ಬರೆದೇ ಮುಗಿಸುತ್ತಿದ್ದರು. ಅಂಕಕ್ಕೇನೂ ಕೊರತೆಯಾಗಲಿಲ್ಲ.

ತಂದೆ ಲಿಯೋ ತಮ್ಮ ಟೈರ್ ಅಂಗಡಿಯ ಬೋರ್ಡಿನಲ್ಲಿ, ಟೈರಿನ ಬೆಲೆ ತೆಗೆದು, ‘ಡಾಕ್ಟರ್ ಡೀನಾ: ಈಗಲೇ ಒಂದು ವರ್ಷ ಮುಂದೆ’ ಎಂದು ದಪ್ಪಕ್ಷರ ಜೋಡಿಸಿದರು. ಚರ್ಚಿನ ಉಪಾಹಾರದಲ್ಲಿ ಕೈಗೆ ಸಿಕ್ಕವರಿಗೆಲ್ಲ ಹೇಳಿದರು; ಸಿಗದವರನ್ನು ಹುಡುಕಿಕೊಂಡು ಹೋಗಿ ಹೇಳಿದರು.

ವಿಶ್ವವಿದ್ಯಾಲಯದಲ್ಲಿ ಡೀನಾ ನೇರವಾಗಿ ಎರಡನೇ ವರ್ಷದವರ ಪ್ರಯೋಗಾಲಯಕ್ಕೆ ಹೋಗಿ ನಿಂತರು.

“ಪಿಪೆಟ್ ತಲೆಕೆಳಗೆ ಹಿಡ್ದಿದೀಯಲ್ಲೇ,” ಎಂದಳು ಪಕ್ಕದವಳು.

ಒಂದು ವರ್ಷ ಮುಂದಿರುವವರು ದ್ರಾವಣ ಹೀರುವ ಆ ಗಾಜಿನ ನಳಿಗೆಯನ್ನು ಹಿಡಿಯುವುದು ಹೇಗೆಂದು ಯಾರನ್ನು ಕೇಳಬೇಕು? ಮಾರ್ಗದರ್ಶಕಿಗೆ ವಿಷಯ ತಿಳಿಯಿತು. “ಆ ವಿನಾಯಿತಿ ಬಿಟ್ಟುಬಿಡಮ್ಮ. ಮೊದಲನೇ ವರ್ಷದವ್ರ ಜೊತೆ ಕೂತ್ಕೋ, ಯಾರೂ ನಗಲ್ಲ.”

ಡೀನಾ ಮನೆಗೆ ಫೋನ್ ಮಾಡಿದರು.

“ಗೆದ್ದ ಓಟಾನ ಯಾರಾದ್ರೂ ಮತ್ತೆ ಓಡ್ತಾರೇನೇ?” ಎಂದರು ಲಿಯೋ. “ಬೋರ್ಡ್ ಇನ್ನೂ ಹಾಗೇ ಇದೆ, ಮರಿ.”

ಆ ಬೋರ್ಡಿನ ಮರ್ಯಾದೆಗಾಗಿ ಡೀನಾ ಕೆಳಗಿಳಿಯಲಿಲ್ಲ. ರಸಾಯನಶಾಸ್ತ್ರದಲ್ಲಿ ಫೇಲಾದರು, ಮತ್ತೆ ಕಟ್ಟಿ ಮತ್ತೆ ಫೇಲಾದರು. ಪಶುವೈದ್ಯ ಕಾಲೇಜಿನ ಬಾಗಿಲು ಅಲ್ಲಿಗೆ ಮುಚ್ಚಿತು. ಊರಿಗೆ ಮರಳಿದಾಗ ಅಪ್ಪ ಒಂದು ಮಾತೂ ಬೈಯಲಿಲ್ಲ. ಬೋರ್ಡಿಗೆ ಟೈರಿನ ಬೆಲೆ ಮರಳಿತು. ಆದರೆ ಸಾಯುವವರೆಗೂ ಮಗಳನ್ನು ಅವರು ಕರೆದದ್ದು ‘ಡಾಕ್ಟರ್’ ಎಂದೇ. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಡೀನಾ.

ಈ ಬೇಸಿಗೆಯಲ್ಲಿ ನನ್ನ ಮಗಳಿಗೂ ಆ ಮೇ ತಿಂಗಳ ಪರೀಕ್ಷೆಯ ಅಂಕಗಳು ಬಂದವು. ಬೆಕ್ಕು ಚೊಕ್ಕಟವಾಗಿಯೇ ಇತ್ತು. ಆದರೂ ಎತ್ತಿಕೊಂಡು ಹೋದೆ.

“ನಮ್ಮ ಹುಡುಗಿಗೂ ಒಂದು ವರ್ಷ ಉಳೀತು,” ಎಂದೆ, ಯಾರೋ ಕೇಳಿದರೆಂಬಂತೆ.

ಡೀನಾ ನೀರಿನ ಬಿಸಿ ನೋಡುತ್ತಿದ್ದರು. “ಪಿಪೆಟ್ ಹಿಡಿಯಕ್ಕೆ ಬರತ್ತಾ ಅವಳಿಗೆ?”

ನನಗೆ ಗೊತ್ತಿರಲಿಲ್ಲ. ಸುಮ್ಮನಿರಬೇಕಾದಲ್ಲಿ ಬಾಯಿ ತೆರೆಯುವುದು ನನಗೆ ಅಭ್ಯಾಸ.

“ಅಲ್ಲ, ನಿಮಗೆ ಉಳೀತಲ್ಲ ಆ ಒಂದು ವರ್ಷ, ಅದನ್ನ ಏನ್ ಮಾಡಿದ್ರಿ?”

“ನಾಯಿ ತೊಳ್ದೆ.”