ಎದುರಿನ ಟಯರು

ಅರವತ್ತರ ದಶಕದಲ್ಲಿ ಬಂಟ್ವಾಳ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರೊಬ್ಬರು, ಮಾತಾಡುವಾಗ ಕೈಗೆ ಸಿಕ್ಕಿದ ಟಯರನ್ನು ಹೆಬ್ಬೆರಳಿನಿಂದ ಸವರುತ್ತಲೇ ಇರುತ್ತಿದ್ದರು. ಯಾರೇ ಬರಲಿ, “ಒಂದೇ ಟಯರು ಹೊಸತಾದರೆ ಎದುರಿನ ಚಕ್ರಕ್ಕೆ ಹಾಕುವ” ಎನ್ನುವರು.

ಮೂಡುಬಿದಿರೆಯಲ್ಲಿ ಪೇಟೆ ಸುತ್ತುವ ಸೈಕಲ್ ರೇಸಿತ್ತು; ನಾನೂ ಹೆಸರು ಕೊಟ್ಟಿದ್ದೆ. ನನ್ನಲ್ಲಿ ಒಂದು ಟಯರಿಗಷ್ಟೇ ದುಡ್ಡಿತ್ತು. ಹಿಂದಿನದ್ದೇ ಬೇಗ ಸವೆಯುವುದಲ್ಲವೇ ಎಂದೆ.

“ಹಿಂದಿನದ್ದು ಜಾರಿದರೆ ಹೇಗಾದರೂ ಸುಧಾರಿಸಬಹುದು ಮಾರಾಯ. ತಿರುವಿನಲ್ಲಿ ಎದುರಿನದ್ದು ಜಾರಿದರೆ ಮುಗೀತು.”

ಗೋಡೆಯಲ್ಲಿ ಟಯರೊಂದು ನೇತಾಡುತ್ತಿತ್ತು. ಹೊಸತರ ಮೇಲಿರುವ ರಬ್ಬರಿನ ಎಳೆಗಳು ಅದರಲ್ಲಿನ್ನೂ ಉದುರಿರಲಿಲ್ಲ. ಅದನ್ನು ಅಗ್ಗಕ್ಕೆ ಕೊಡುತ್ತೀರಾ ಎಂದು ಕೇಳಿದೆ. ಅವರು ಎದ್ದು ಹೋಗಿ ಅದನ್ನು ಮೆಲ್ಲಗೆ ಸವರಿದರು.

“ಇದು ಕೊಡ್ಲಿಕ್ಕಿಲ್ಲ. ರೇಸಿನಲ್ಲಿ ಬಿದ್ದು ತೀರಿಕೊಂಡ ನನ್ನ ತಮ್ಮನ ಸೈಕಲಿನದ್ದು. ಹಿಂದಿನದ್ದು ಬೇಗ ಸವೆಯುತ್ತದೆಂತ ಹೇಳಿ, ಹೊಸತನ್ನು ನಾನೇ ಹಿಂದೆ ಹಾಕಿ ಕೊಟ್ಟದ್ದು.”