ಕರಿಯವ್ವನ ಕೈಗೆ ಚುಚ್ಚಿದ ಗಾಜು

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿಯಿತೆಂದರೆ ಕರಿಯವ್ವನ ಕೈ ಉರಿಯಲು ಶುರು. ಕೊಪ್ಪಳದ ಕಡೆಯ ದಂಡೆಯಲ್ಲಿ ಗಂಡ ಯಂಕೋಬ ಬಲೆ ಬಿಟ್ಟರೆ, ಮುಳುಗಿದ ಜಾಲಿಯ ಬೊಡ್ಡೆಗೂ ಬಂಡೆಗೂ ಸಿಕ್ಕಿ ಬಂದ ಬಲೆಯನ್ನು ಬಿಡಿಸಿ, ಒಣಗಿಸಿ, ಉಜ್ಜುವುದು ಮೂವತ್ತು ವರ್ಷದಿಂದ ಅವಳ ಪಾಲಿನ ಕೆಲಸ. ಬಲೆಗೆ ಹತ್ತಿದ ಬೂದುಹಸಿರು ಹಕ್ಕಳೆಯನ್ನು ಎಲ್ಲರೂ ಪಾಚಿ ಅನ್ನುತ್ತಿದ್ದರು. ಒಣಗಿದ ಮೇಲೆ ಉಜ್ಜಿದರೆ ಅದು ಪುಡಿಪುಡಿಯಾಗಿ ಹಾರುತ್ತಿತ್ತು. ಸಂಜೆಗೆಲ್ಲ ಬೆರಳ ಸಂದಿ ಕೆಂಪು, ಕೆರೆದಷ್ಟೂ ಉರಿ.

ದವಾಖಾನೆಯಲ್ಲಿ ಹುಳಕಡ್ಡಿ ಎಂದು ಮುಲಾಮು ಕೊಟ್ಟರು. ಮಳೆಗಾಲಕ್ಕೆ ತಾನೇ ಹೋಗುವುದು, ಬೇಸಿಗೆಗೆ ಮತ್ತೆ ಬರುವುದು. ಅದು ಅಂಟೀತೆಂದು ಸೊಸೆ ಅನ್ನಪೂರ್ಣ ಹೆದರಿದಳು. ರೊಟ್ಟಿ ಬಡಿಯುವುದು ಬೇಡವೆಂದು ಅತ್ತೆಗೆ ಮೆತ್ತಗೆ ಹೇಳಿದಳು. ಓಣಿಯ ಹೆಂಗಸರೂ ಅವಳ ಕೈಯಿಂದ ಎಲೆ-ಅಡಿಕೆ ಇಸಿದುಕೊಳ್ಳುವುದನ್ನು ಬಿಟ್ಟರು. ಕರಿಯವ್ವ ಜಗಳಕ್ಕೆ ನಿಲ್ಲಲಿಲ್ಲ. ಜಗಳಕ್ಕೂ ತ್ರಾಣ ಬೇಕಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಖುಷ್ಬು ಮೇಡಂ ಹಿನ್ನೀರಿನ ಜೀವಿಗಳನ್ನು ನೋಡಲು ದಂಡೆಗೆ ಬಂದರು. ಬಲೆಯ ಹಕ್ಕಳೆಯನ್ನು ಸೀಸೆಗೆ ತುಂಬುವಾಗ ಕರಿಯವ್ವನ ಕೈ ಅವರ ಕಣ್ಣಿಗೆ ಬಿತ್ತು. ಯಾವ ತಿಂಗಳಲ್ಲಿ ಹೀಗಾಗುತ್ತದೆ ಎಂದು ಕೇಳಿದರು. ಆಮೇಲೆ ತಂದಿದ್ದ ಸೂಕ್ಷ್ಮದರ್ಶಕವನ್ನು ಬಂಡೆಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಲು ಹೇಳಿದರು.

ಮೊದಲು ಬರೀ ಬೆಳಕು. ನಂತರ ಸೂಜಿಗಳು. ಎರಡೂ ತುದಿ ಚೂಪಾದ, ನೀರಿನಷ್ಟು ತಿಳಿಯಾದ ಸೂಜಿಗಳು ಒಂದರ ಮೇಲೊಂದು ಬಿದ್ದಿದ್ದವು.

"ಇದು ಪಾಚಿ ಅಲ್ರಿ ಅವ್ವಾ. ಪ್ರಾಣಿ ಐತಿ, ಸ್ಪಂಜು ಅಂತಾರ," ಎಂದರು ಮೇಡಂ. "ಈ ಸೂಜಿ ಅದರ ಎಲುಬು. ಗಾಜಿಂದು."

ಗಾಜಿಗೆ ಭಟ್ಟಿ ಬೇಡವೇ ಎಂದು ಕರಿಯವ್ವ ಕೇಳಿದಳು. ಬೇಡವಂತೆ. ಉಸುಕಿನ, ಕಲ್ಲಿನ ಸತ್ವ ನೀರಿನಲ್ಲಿ ಕಾಣದಷ್ಟು ಕರಗಿರುತ್ತದೆ. ಸ್ಪಂಜು ಅದನ್ನು ಹೀರುತ್ತದೆ. ಮೈಯೊಳಗೆ ಮೊದಲು ಒಂದು ನವಿರಾದ ಎಳೆ ಮಾಡಿಕೊಂಡು, ಅದರ ಸುತ್ತ ಹೀರಿದ್ದನ್ನು ಮೆತ್ತುತ್ತ ಹೋಗುತ್ತದೆ. ಬೆಂಕಿ ಇಲ್ಲ, ಸದ್ದಿಲ್ಲ. ಸಮುದ್ರದ ಆಳದಲ್ಲಿ ಇದರ ಬಳಗದ ಕೆಲವು ಹೀಗೇ ಬುಟ್ಟಿಯಂಥ ಗಾಜಿನ ಮೈ ಹೆಣೆದುಕೊಳ್ಳುತ್ತವೆ. ಜೀವ ಹೋಗಿ ಒಣಗಿದ ಮೇಲೂ ಸೂಜಿ ಉಳಿಯುತ್ತದೆ. ಚರ್ಮಕ್ಕೆ ಚುಚ್ಚುವುದು ಅದೇ.

"ಮತ್ತ ಇದು ಅಂಟೂ ರೋಗ ಅಲ್ಲೇನ್ರಿ?" ಕರಿಯವ್ವನ ದನಿ ಸಣ್ಣದಾಗಿತ್ತು.

"ಅಲ್ರಿ. ನಿಮ್ಮ ಕೈಯಿಂದ ಯಾರಿಗೂ ಹತ್ತಂಗಿಲ್ಲ."

ಅವಳು ಅಲ್ಲೇ ಕೂತುಬಿಟ್ಟಳು. ಇಷ್ಟು ವರ್ಷದ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು.

ಮೇಡಂ ಮನೆಗೂ ಬಂದು ಅನ್ನಪೂರ್ಣಳಿಗೆ ಬಿಡಿಸಿ ಹೇಳಿದರು. ಮರುದಿನ ಸೊಸೆ ಹಿಟ್ಟಿನ ಪರಾತವನ್ನು ಮುಖ ನೋಡದೆ ಅತ್ತೆಯ ಮುಂದೆ ಸರಿಸಿದಳು. ಓಣಿಯವರಲ್ಲಿ ಕೆಲವರು ನಂಬಿದರು, ಕೆಲವರು ನಂಬಲಿಲ್ಲ.

ಮೇಡಂ ಕೊಟ್ಟ ರಬ್ಬರ್ ಕೈಗವಸು ಬೆವರಿಗೆ ಜಾರುತ್ತಿತ್ತು, ಬಲೆಯ ಸಿಕ್ಕು ಬಿಡಿಸಲು ಆಗಲಿಲ್ಲ. ಮೂರನೇ ದಿನ ಕರಿಯವ್ವ ಅದನ್ನು ಕಳಚಿಟ್ಟಳು. ಒಣಗುವ ಮೊದಲೇ ನೀರಲ್ಲಿ ಉಜ್ಜಿರೆಂದು ಅವರು ಹೇಳಿದ್ದು ಮಾತ್ರ ಉಪಯೋಗಕ್ಕೆ ಬಂತು. ಈಗ ಬಲೆಯ ಇನ್ನೊಂದು ತುದಿಯನ್ನು ಯಂಕೋಬ ಹಿಡಿಯುತ್ತಾನೆ. ಉರಿ ಅರ್ಧಕ್ಕೆ ಇಳಿದಿದೆ.