ಬೇಡಿಗೆ ತೂತು ಬಿಟ್ಟ ಕೌದಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಚಾಚಾ ಜೀಪು ಹೆಚ್ಚು ಓಡಿಸಿದ್ದು ಸಿಂಧನೂರು-ಮಸ್ಕಿ ರಸ್ತೆಯಲ್ಲೋ, ಲಿಂಗಸುಗೂರಿನ ಕಡೆಗೋ ಎಂಬುದರಲ್ಲೇ ನನಗೆ ಅನುಮಾನ. ಆದರೆ ಈ ಕೌದಿಯ ತುಂಡು ಸುಳ್ಳಲ್ಲ. ತೊಳೆಯಲೆಂದು ಅಪ್ಪನ ಕುರ್ಚಿಯಿಂದ ತೆಗೆದಾಗ ಬೆಲ್ಟಿನ ಪಾಲಿಶ್ ವಾಸನೆ ಬಂತು… ನಟ್ಟನಡುವೆ ಅಂಗೈಯಗಲದ ತೂತು.

ಅದು ಎದುರುಮನೆಯ ಚಾಚಾನದು. ಅವರು ಪೊಲೀಸ್ ಜೀಪಿನ ಚಾಲಕರು. ಸೊಂಟದ ಬೆಲ್ಟಿಗೆ ಬಲಕ್ಕೆ ವಾಕಿಟಾಕಿ, ಎಡಕ್ಕೆ ಟಾರ್ಚು, ಹಿಂದೆ ಬೇಡಿಯ ಚೀಲ. ಎಲ್ಲವನ್ನೂ ಕಟ್ಟಿಕೊಂಡೇ ದಿನವಿಡೀ ಓಡಿಸಬೇಕು, ಬಿಚ್ಚಿಟ್ಟರೆ ಮೆಮೊ. ಸೀಟಿಗೆ ಒರಗಿದರೆ ಬೇಡಿ ಬೆನ್ನುಮೂಳೆಗೆ ಒತ್ತುತ್ತಿತ್ತು.

"ಇದು ನಡು ಅಲ್ಲ ಬೇಟಾ, ಠಾಣೆ ಗ್ವಾಡಿ ಗೂಟ. ಬಂದವರೆಲ್ಲ ಒಂದೊಂದು ನೇತು ಹಾಕ್ಯಾರ" ಎನ್ನುತ್ತಿದ್ದರು.

ಬೇಡಿ ಕೂರುವಷ್ಟು ತೂತು ಬಿಟ್ಟು ಚಾಚಿ ಸೀಟಿನ ಒರಗಿಗೆ ಈ ಕೌದಿ ಹೊಲಿದರು. "ತೂತಿನ ಕೌದಿ ಬೇಡಿದ ನವಾಬ ನೀ ಒಬ್ಬನ ನೋಡು!" ಒಂದು ತಿಂಗಳು ಚಾಚಾ ನೆಟ್ಟಗೆ ನಡೆದರು. ಆಮೇಲೆ ತಪಾಸಣೆಗೆ ಬಂದ ಅಧಿಕಾರಿ, "ಏನಲೇ, ಜೀಪೋ, ಬಾಣಂತಿ ಕೋಣೆಯೋ?" ಎಂದು ಅದನ್ನು ತೆಗೆಸಿದ.

ಆಗ ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಠಾಣೆಯೊಳಗಿನ ಕೆಲಸ ಕೊಡಿ ಎಂಬ ಅರ್ಜಿಯನ್ನು ಚಾಚಾ ನನ್ನಿಂದ ಬರೆಸಿದರು. ನಮ್ಮ ಪಡಸಾಲೆಯಲ್ಲಿ, ಅಪ್ಪನ ಎದುರು. "ಭಾಳ ತ್ರಾಸ ಆಗಾಕತ್ತೈತಿ" ಅಂದ ನೆನಪು. ಅಥವಾ ನೋವಿಗೆ ನಾವನ್ನುವ "ಬ್ಯಾನಿ" ಅಂದಿದ್ದರೋ… ಆಡುಮಾತು ಅರ್ಜಿಗೆ ಒಪ್ಪದೆಂದು ನಾನು "ಅನಾನುಕೂಲವಾಗುತ್ತಿದೆ" ಎಂದು ಬರೆದೆ. "ಅಕ್ಷರ ಮುತ್ತಿನಂಗ ಅದಾವ" ಎಂದು ಹೊಗಳಿ ಅವರು ಸಹಿ ಹಾಕಿದರು.

ಬಂದ ಉತ್ತರ ಚಿಕ್ಕದು. ಅನಾನುಕೂಲ ಎಲ್ಲ ಚಾಲಕರಿಗೂ ಇರುವುದೇ. ಅರ್ಜಿಯಲ್ಲಿ ನೋವಿನ ಪ್ರಸ್ತಾಪವಿಲ್ಲ. ವೈದ್ಯಕೀಯ ಪರೀಕ್ಷೆ ಅಗತ್ಯವಿಲ್ಲ.

ಆ ಮಳೆಗಾಲದಲ್ಲಿ ಚಾಚಾ ಹೇಳಿದರು: "ಎಡಗಾಲು ಜೋಮು ಹಿಡದೈತಿ. ಕ್ಲಚ್ ಒತ್ತೀನೋ ಇಲ್ಲೋ ತಿಳೀವಲ್ದು." ಇನ್ನೊಂದು ಅರ್ಜಿ ಬರೆದುಕೊಡುತ್ತೇನೆ ಎಂದೆ. "ಬಿಡವಾ, ಒಮ್ಮೆ ಓದ್ಯಾರಲ್ಲ."

ಬೇಸಿಗೆಯ ಹೊತ್ತಿಗೆ ಎರಡೂ ಕಾಲು ಬಿದ್ದವು. ಬೆನ್ನಿನ ಆಪರೇಷನ್ನಿಗೆ ತಡವಾಯಿತು ಎಂದರು ಡಾಕ್ಟರು. ಮಂಚ ಹಿಡಿದವರು ಏಳಲೇ ಇಲ್ಲ… ಹೋದ ವರ್ಷ ತೀರಿಕೊಂಡರು. ಚಾಚಿ ಈ ಕೌದಿಯನ್ನು ಅಪ್ಪನ ಬೆನ್ನಿಗೆ ಆದೀತೆಂದು ಕೊಟ್ಟರು. ನನ್ನ ಅರ್ಜಿಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತೇನೋ, ಗೊತ್ತಿಲ್ಲ.

ಕೌದಿ ಒಣಗಿದೆ. ಪಾಲಿಶ್ ವಾಸನೆ ಹೋಗಿದೆ. ತೊಳೆಯಬಾರದಿತ್ತು. ಅದನ್ನು ಮತ್ತೆ ಕುರ್ಚಿಗಿಡುತ್ತಾ ಮುಂಜಾನೆ ಅಪ್ಪನನ್ನು ಒಂದು ಮಾತು ಕೇಳಿದೆ. ಸಂಜೆಯಾಯಿತು, ಅವರು ಪೇಪರಿನ ಅದೇ ಪುಟ ಹಿಡಿದು ಕೂತಿದ್ದಾರೆ.

"ಅಪ್ಪಾ, ಚಾಚಾ ಅವತ್ತು ತ್ರಾಸ ಅಂದಿದ್ರೇನು, ಬ್ಯಾನಿ ಅಂದಿದ್ರೇನು?"